ಮೇಡಂ ಅವರ ವಯಸ್ಸು

ಆ ಫೋನು ಬಂದಾಗ ನಾನು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತ ರಾಯಚೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೂತಿದ್ದೆ. ಎಡಗಡೆ ಹಚ್ಚಿ ಆಗಿತ್ತು, ಬಲಗಡೆ ಬಾಕಿ ಇತ್ತು. ಮಾನ್ವಿಯ ನಮ್ಮ ಕಾಲೇಜಿನ ಜವಾನ ಒಂದೇ ಉಸಿರಿಗೆ ಹೇಳಿದ: ಜೀವಶಾಸ್ತ್ರದ ಮೇಡಂ ಹೋಗಿಬಿಟ್ಟರಂತೆ, ಮಸರಕಲ್ಲಿನಲ್ಲಿ ಮಧ್ಯಾಹ್ನವೇ ಮಣ್ಣು ಮಾಡುತ್ತಾರಂತೆ. ಮೇಡಂ ಹುಟ್ಟಿದ ಆ ಊರು ಅವನ ಹೆಂಡತಿಯ ತವರೂ ಹೌದು. ಊರಿನ ವಾಟ್ಸಾಪ್ ಗುಂಪಿನಲ್ಲಿ ಮೇಡಂ ಹೆಸರು ತಂದೆಯ ಹೆಸರಿನ ಸಮೇತ ಬಂದಿತ್ತು.

ನಾನು ಸುಳ್ಳು ಅಂದೆ. ಸುಳ್ಳಲ್ಲದೆ ಮತ್ತೇನು? ಮೇಡಂ ನಿವೃತ್ತರಾಗಿ ಮೂರು ತಿಂಗಳಾಗಿತ್ತು ಅಷ್ಟೆ. ಅರವತ್ತು ತುಂಬಿದ ಹೆಂಗಸು, ನಲವತ್ತೈದರವಳಂತೆ ಮೂರನೇ ಮಹಡಿಗೆ ಏದುಸಿರಿಲ್ಲದೆ ಹತ್ತುತ್ತಿದ್ದರು. ನನಗೆ ಐವತ್ತೆರಡು, ಎರಡನೇ ಮಹಡಿಗೇ ಕಟಕಟೆ ಹಿಡಿದು ನಿಲ್ಲುವವಳು. ನಮ್ಮಿಬ್ಬರಲ್ಲಿ ಯಾರು ಮೊದಲು ಎಂಬ ಲೆಕ್ಕವನ್ನು ನಾನು ಯಾವತ್ತೋ ಮುಗಿಸಿಬಿಟ್ಟಿದ್ದೆ. ಜವಾನ ಸುಳ್ಳು ಹೇಳುವ ಆಸಾಮಿಯಲ್ಲ. ತಲೆಗೆ ಎರಡು ತಂಬಿಗೆ ನೀರು ಸುರಿದುಕೊಂಡು, ಒಂದು ಕಡೆ ಕಪ್ಪು ಒಂದು ಕಡೆ ಬಿಳಿ ಇದ್ದ ಕೂದಲಿನ ಮೇಲೆ ಸೆರಗು ಹೊದ್ದು, ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹಾರ ಕೊಂಡು ಮಸರಕಲ್ಲಿನ ಮೇಲೆ ಹೋಗುವ ದೇವದುರ್ಗದ ಬಸ್ಸು ಹತ್ತಿದೆ.

ಮೇಡಂ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಯಾಕೆ ಎನ್ನುವುದು ಕೊನೆಗೆ ಗೊತ್ತಾಗುತ್ತದೆ.

ಹದಿನಾಲ್ಕು ವರ್ಷ ನಾವಿಬ್ಬರೂ ರಾಯಚೂರಿನಿಂದ ಮಾನ್ವಿಗೆ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಅವರು ಜೀವಶಾಸ್ತ್ರ, ನಾನು ರಸಾಯನಶಾಸ್ತ್ರ. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆಯ ಕಿಟಕಿ ಯಾವುದು ಎಂದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು. ಬೆಳಿಗ್ಗೆ ಹೋಗುವಾಗಲೂ ಬಲಗಡೆ, ಸಂಜೆ ಬರುವಾಗಲೂ ಬಲಗಡೆ. ಇಳಿದ ಕೂಡಲೇ ಛತ್ರಿ. ನಮ್ಮ ರಾಯಚೂರಿನ ಬಿಸಿಲಿಗೆ ಛತ್ರಿ ಹಿಡಿದರೆ ಜನ ನಗುತ್ತಾರೆ. ನಕ್ಕರೆ ನಗಲಿ ಎಂದು ಅವರು ಗೋಡೆಯ ನೆರಳಲ್ಲೇ ನಡೆಯುತ್ತಿದ್ದರು. ಸೂರ್ಯ ಮುಳುಗುವುದರೊಳಗೆ ಊಟ. ಜೋಳದ ರೊಟ್ಟಿ, ಮೊಳಕೆ ಕಾಳು, ಪುಂಡಿಪಲ್ಲೆ, ಒಂದು ಚಮಚ ಶೇಂಗಾ ಚಟ್ನಿ. ಒಂಬತ್ತಕ್ಕೆ ನಿದ್ದೆ. ಸಕ್ಕರೆ ಇಲ್ಲ. ತುತ್ತನ್ನು ಎಷ್ಟು ಹೊತ್ತು ಅಗಿಯುತ್ತಿದ್ದರೆಂದರೆ ನನ್ನ ಡಬ್ಬಿ ತೊಳೆದಿಟ್ಟ ಮೇಲೂ ಅವರ ಡಬ್ಬಿಯಲ್ಲಿ ಅರ್ಧ ಇರುತ್ತಿತ್ತು.

ನಾನು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಹೌದು, ನಾಚಿಕೆಗೆಟ್ಟವಳು ನಾನು. ಕನ್ನಡಿ ಮುಂದೆ ನಿಂತು ಗಲ್ಲದ ಚರ್ಮ ಹಿಂದಕ್ಕೆ ಎಳೆದು ನೋಡಿಕೊಳ್ಳುವ ಚಾಳಿ ನನಗೆ ಮೂವತ್ತೈದರಿಂದಲೇ ಇದೆ. ಮೇಡಂ ಮುಖ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು. ಗುಟ್ಟು ಹೇಳಿರಿ ಎಂದು ಬೆನ್ನು ಹತ್ತಿದರೆ ಅವರದು ಒಂದೇ ಉತ್ತರ: ನಾನು ಬಿಸಿಲಿನಲ್ಲಿ ದುಡಿದವಳಲ್ಲ, ಅಷ್ಟೇ. ದೊಡ್ಡವರ ವಿನಯ ಅಂದುಕೊಂಡು, ನೋಟ್‌ಬುಕ್ಕಿನಲ್ಲಿ ಛತ್ರಿ ಎಂದು ಬರೆದುಕೊಂಡಿದ್ದೆ.

ಅವರ ಮುಪ್ಪಿನ ಪಾಠ ಕೇಳಲು ನಾನು ನನ್ನ ತರಗತಿಯನ್ನು ಐದು ನಿಮಿಷ ಮೊದಲೇ ಬಿಟ್ಟು ಅವರ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಮೇಡಂ ತಮ್ಮ ಸೀರೆಯ ಸೆರಗನ್ನು ಎತ್ತಿ ಅದರ ತುದಿಯ ಕುಚ್ಚು ತೋರಿಸುತ್ತಿದ್ದರು. ನೇಯ್ಗೆ ಬಿಚ್ಚಿಕೊಳ್ಳಬಾರದು ಎಂದು ಕುಚ್ಚು ಕಟ್ಟುತ್ತಾರೆ. ಜೀವಕೋಶದೊಳಗಿನ ವರ್ಣತಂತುಗಳ ತುದಿಗೂ ಇಂಥದೊಂದು ಕುಚ್ಚು ಇರುತ್ತದೆ, ಅದಕ್ಕೆ ಟೆಲೋಮಿಯರ್ ಅನ್ನುತ್ತಾರೆ. ಕೋಶ ಒಡೆದು ಎರಡಾದಾಗಲೆಲ್ಲ ಅದು ಒಂದು ಚೂರು ಸವೆಯುತ್ತದೆ. ಪೂರ್ತಿ ಸವೆದರೆ ಆ ಕೋಶ ಮತ್ತೆ ಒಡೆಯುವುದಿಲ್ಲ. ಸಾಯುತ್ತದೆ, ಇಲ್ಲವೆ ಸುಮ್ಮನೆ ಕೂತು ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ಇನ್ನು ಮೈಟೊಕಾಂಡ್ರಿಯಾ ಎಂಬುದು ಕೋಶದ ಒಲೆ. ಹಳೆಯ ಒಲೆಯಲ್ಲಿ ಬೆಂಕಿ ಕಡಿಮೆ, ಹೊಗೆ ಜಾಸ್ತಿ. ಮುಪ್ಪಿಗೆ ಕಾರಣ ಒಂದಲ್ಲ, ಹತ್ತಾರು. ಇದೇ ಅಂತ ಬೆರಳು ಮಾಡಿ ತೋರಿಸಿದವರು ಇನ್ನೂ ಯಾರೂ ಇಲ್ಲ ಎಂದು ಅವರು ಪ್ರತಿ ವರ್ಷವೂ ತಪ್ಪದೆ ಹೇಳುತ್ತಿದ್ದರು. ತಡೆಯಲು ಬರುವುದಿಲ್ಲ, ತಡ ಮಾಡಬಹುದು ಎಂದು ಮುಗಿಸುತ್ತಿದ್ದರು.

ಒಂದು ವರ್ಷ ಮಾತ್ರ ಆ ಪಾಠ ಮುಗಿಯಲಿಲ್ಲ. ಕುರ್ಡಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು, ತನ್ನ ಅವ್ವನಿಗೆ ಮೂವತ್ತೆಂಟು, ನೋಡಿದವರೆಲ್ಲ ಅಜ್ಜಿ ಅನ್ನುತ್ತಾರೆ, ಯಾಕೆ ಮೇಡಂ ಎಂದು ಕೇಳಿದಳು. ಮೇಡಂ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಹಾಗೇ ಹೊರಗೆ ಬಂದುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿಯೂ ನೋಡದವರಂತೆ ಹೋಗಿ ಪ್ರಯೋಗಾಲಯದ ನಲ್ಲಿಯಲ್ಲಿ ಮುಖ ತೊಳೆದುಕೊಂಡರು. ಆ ಹುಡುಗಿಯ ಅವ್ವನ ಕಥೆ ಕೇಳಿ ಇವರಿಗೆ ಯಾಕೆ ಇಷ್ಟು ನೋವು ಎಂದು ನನಗೆ ಆವತ್ತು ಹೊಳೆಯಲಿಲ್ಲ.

ಅವರ ಅವ್ವನನ್ನೂ ನಾನು ಒಮ್ಮೆ ನೋಡಿದ್ದೆ. ಅವ್ವ ಅಂತಲೇ ತಿಳಿದಿದ್ದೆ. ಮೂರು ವರ್ಷದ ಹಿಂದೆ ಒಂದು ಮುದುಕಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿತ್ತು. ಬೆನ್ನು ಬಾಗಿತ್ತು. ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಉಡಿಯಲ್ಲಿ ಹಸಿ ಅಲಸಂದಿ ಕಾಯಿ ಕಟ್ಟಿಕೊಂಡು ಬಂದಿತ್ತು. ನಾನು ಎದ್ದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಇವರು ನಿಮ್ಮ ಅವ್ವಾರಲ್ಲವೇ ಎಂದು ಮೇಡಂ ಅವರನ್ನು ಕೇಳಿದೆ. ಮೇಡಂ ಮುಖ ಬೆಳ್ಳಗಾಯಿತು. ಮುದುಕಿ ಮಾತ್ರ ಬಾಯ್ತುಂಬ ನಕ್ಕಳು.

"ಹೂಂ ಯವ್ವಾ, ಅವ್ವನೇ ಅನ್ಕೋ" ಅಂದಳು. "ಅವ್ವ ಆದ್ರ ಏನು, ಯಾರಾದ್ರ ಏನು. ಇಕಿ ಚೊಲೋ ಇದ್ರ ಆತು."

ಮೇಡಂ ತಮ್ಮ ಡಬ್ಬಿಯ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಅವಳಿಗೆ ತುತ್ತು ಮಾಡಿ ಉಣ್ಣಿಸಿದರು. ಆವತ್ತು ತಾವು ಊಟ ಮಾಡಲಿಲ್ಲ. ಆಮೇಲೆ ರಾಯಚೂರಿಗೆ ಕರೆದೊಯ್ದು ಕಣ್ಣು ತೋರಿಸಿದರು, ಎಲುಬು ತೋರಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ವಾರ ಕಳೆಯುವುದರೊಳಗೆ ಮುದುಕಿ ಹತ್ತಿ ಬಿಡಿಸುವ ಹೊತ್ತು ಬಂತು ಎಂದು ಊರಿಗೆ ಓಡಿಹೋಯಿತು. ಈ ವಯಸ್ಸಿನಲ್ಲಿ ಹತ್ತಿ ಬಿಡಿಸುವುದೇನು ಎಂದು ನಾನು ಬೈದೆ.

ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಭಾಷಣದಲ್ಲಿ ಚಿರಯೌವನ, ಚಿರಯೌವನ ಎಂದು ನಾಲ್ಕು ಸಲ ಅಂದರು. ಅದರ ಗುಟ್ಟನ್ನು ಹೋಗುವ ಮುಂಚೆ ಬಿಟ್ಟುಕೊಡಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಎಲ್ಲರಿಗಿಂತ ಜೋರಾಗಿ ನಾನು. ಮೇಡಂ ಎದ್ದು, ಗುಟ್ಟು ಮಸರಕಲ್ಲಿನಲ್ಲಿದೆ, ಒಂದು ದಿನ ಬಂದರೆ ತೋರಿಸುತ್ತೇನೆ ಎಂದಷ್ಟೇ ಹೇಳಿ ಕೂತರು. ಊರಿನ ಗಾಳಿ, ಊರಿನ ಜೋಳ ಅಂದುಕೊಂಡೆವು. ಮರುದಿನವೇ ರಾಯಚೂರಿನ ಮನೆ ಖಾಲಿ ಮಾಡಿ ಅವರು ಮಸರಕಲ್ಲಿಗೆ ಹೋಗಿಬಿಟ್ಟರು. ಮದುವೆ ಆದವರಲ್ಲ, ತಡೆಯುವವರು ಯಾರೂ ಇರಲಿಲ್ಲ. ಅವ್ವನ ಸೇವೆಗೆ ಹೋದರು ಎಂದು ಸ್ಟಾಫ್ ರೂಮಿನಲ್ಲಿ ನಾನೇ ಎಲ್ಲರಿಗೂ ಸಾರಿದೆ.

ಬಸ್ಸಿನಲ್ಲಿ ಇದೆಲ್ಲ ಒಂದರ ಹಿಂದೊಂದು ನೆನಪಾಗಿ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಹಣೆಯ ಮೇಲೆ ಕರಿ ಬಣ್ಣ ಇಳಿಯುತ್ತಿತ್ತು, ಒರೆಸಿಕೊಂಡೆ. ಅಗಿದು ಅಗಿದು ತಿಂದು ಏನು ಬಂತು, ಅವ್ವನಿಗಿಂತ ಮುಂಚೆ ಹೋದರಲ್ಲ ಎಂದು ಸಿಟ್ಟೂ ಬಂತು.

ಮಸರಕಲ್ಲಿನಲ್ಲಿ ಇಳಿದು, ಸಾವಿನ ಮನೆ ಎಲ್ಲಿ ಎಂದು ಕೇಳಿ ಮೇಡಂ ಹೆಸರು ಹೇಳಿದೆ. ಒಬ್ಬ ಮನುಷ್ಯ ಕೂಡಲೇ ಕರೆದುಕೊಂಡು ಹೋಗಿ ಒಂದು ಸಣ್ಣ ಮನೆ ತೋರಿಸಿದ. ಅಂಗಳದ ತುಂಬ ಹೆಂಗಸರು. ಗೋಡೆಗೆ ಒರಗಿಸಿ ಹೆಣ ಕೂಡಿಸಿದ್ದರು. ಜನರನ್ನು ಸರಿಸಿಕೊಂಡು ಹಾರ ಎತ್ತಿ ಹಿಡಿದು ಮುಂದೆ ಹೋದೆ. ಹೆಣದ ಪಕ್ಕದಲ್ಲಿ ಅದರ ತಲೆಯನ್ನು ತಮ್ಮ ಭುಜಕ್ಕೆ ಆನಿಸಿಕೊಂಡು ಮೇಡಂ ಕೂತಿದ್ದರು.

ಜೀವಂತ ಕೂತಿದ್ದರು. ಕಣ್ಣು ಎತ್ತಿ ನನ್ನನ್ನು ನೋಡಿದರು. ನಾನು ಕಿಟಾರನೆ ಕಿರುಚಿದೆನಂತೆ. ನನಗೆ ನೆನಪಿಲ್ಲ, ಆಮೇಲೆ ಹೆಂಗಸರು ಹೇಳಿದರು. ಹಾರ ಕೈಯಿಂದ ಜಾರಿ ಹೆಣದ ಕಾಲ ಮೇಲೆ ಬಿತ್ತು. ಯಾರೋ ನೀರು ತಂದು ಕುಡಿಸಿ ಮೇಡಂ ಹತ್ತಿರ ಕೂಡಿಸಿದರು. ಭುಜಕ್ಕೆ ಒರಗಿದ್ದ ಮುಖವನ್ನು ಆಗ ನೋಡಿದೆ. ಅಲಸಂದಿ ಕಾಯಿ ತಂದಿದ್ದ ಮುದುಕಿ.

ಅವ್ವ ತೀರಿಕೊಂಡದ್ದನ್ನು ಜವಾನ ತಪ್ಪು ತಿಳಿದಿದ್ದಾನೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಮಾಧಾನವೇ ಆಯಿತು. ಮೇಡಂ ಕೈ ಹಿಡಿದು, ಅವ್ವಾರಿಗೆ ವಯಸ್ಸಾಗಿತ್ತು, ತುಂಬಿದ ಜೀವ, ಅಳಬೇಡಿ ಎಂದೆ.

"ಅವ್ವ ಅಲ್ರಿ" ಅಂದರು ಮೇಡಂ. "ನನ್ನ ತಂಗಿ. ನನಗಿಂತ ನಾಕು ವರ್ಷ ಸಣ್ಣಾಕಿ."

ನಾನು ಆ ಮುಖ ನೋಡಿದೆ, ಈ ಮುಖ ನೋಡಿದೆ. ದುಃಖಕ್ಕೆ ಇವರ ತಲೆ ಕೆಟ್ಟಿದೆ ಅನ್ನಿಸಿತು. ಆದರೆ ಅಲ್ಲೇ ಕೂತಿದ್ದ ಅವರ ಸೋದರತ್ತೆ, ನಿಜವಾಗಿಯೂ ಮುದುಕಿ, ಹೌದೆಂದು ತಲೆಯಾಡಿಸಿದಳು. ಆ ಅತ್ತೆ ಮೇಡಂ ಅವರನ್ನು ಬೇರೊಂದು ಹೆಸರು ಹಿಡಿದು ಕರೆಯುತ್ತಿದ್ದಳು. ನಾನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದ ಹೆಸರು. ಹೆಣದ ಮುಂದೆ ಅಳುತ್ತಿದ್ದ ಹೆಂಗಸರು ಮಾತ್ರ ನಮ್ಮ ಮೇಡಂ ಹೆಸರನ್ನು ಕರೆದು ಕರೆದು ಅಳುತ್ತಿದ್ದರು.

ಮೇಡಂ ಎಲ್ಲವನ್ನೂ ಹೇಳಿದರು. ತಂಗಿಯ ತಲೆಯನ್ನು ಭುಜದಿಂದ ಇಳಿಸದೆ, ತರಗತಿಯಲ್ಲಿ ಹೇಳಿದಷ್ಟೇ ಸಾವಕಾಶವಾಗಿ ಹೇಳಿದರು. ಸಾಲಿ ಮಾಸ್ತರರು ಮನೆ ಮನೆಗೆ ಬಂದು ಮಕ್ಕಳ ಹೆಸರು ಬರೆದುಕೊಂಡ ದಿನ ಹತ್ತು ವರ್ಷದ ಇವರು ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಮನೆಯಲ್ಲಿದ್ದವಳು ಆರು ವರ್ಷದ ತಂಗಿ. ಮಾಸ್ತರರು ಅವಳ ಹೆಸರು ಬರೆದುಕೊಂಡು, ಎಲ್ಲರಿಗೂ ಹಾಕಿದಂತೆ ಅವಳಿಗೂ ಜೂನ್ ಒಂದು ಎಂದು ಹುಟ್ಟಿದ ದಿನ ಹಾಕಿ ಹೋದರು. ಶಾಲೆ ಶುರುವಾದ ದಿನ ತಂಗಿ ಒಲ್ಲೆ ಎಂದು ಅತ್ತಳು. ಅಕ್ಕ ಅವಳನ್ನು ಬಗಲಲ್ಲಿ ಎತ್ತಿಕೊಂಡು ಹೋಗಿ ಶಾಲೆಯಲ್ಲಿ ಕೂತಳು. ಮಾಸ್ತರರು ಹೆಸರು ಕರೆದರು. ತಂಗಿ ಅಕ್ಕನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡು ಬಾಯಿಬಿಡಲಿಲ್ಲ. ಗೈರುಹಾಜರಿ ಬಿದ್ದರೆ ಬೈಯುತ್ತಾರೆ ಎಂದು ಅಕ್ಕನೇ ಹಾಜರ್ ರೀ ಅಂದಳು.

ಎರಡನೇ ದಿನ ತಂಗಿಗೆ ಜ್ವರ. ಹೆಸರು ಹಾಜರಿ ಪುಸ್ತಕದಲ್ಲಿದೆಯಲ್ಲ ಎಂದು ಅಕ್ಕ ಒಬ್ಬಳೇ ಹೋದಳು. ಮತ್ತೆ ಹಾಜರ್ ರೀ. ತಿಂಗಳೊಪ್ಪತ್ತಿನಲ್ಲಿ ಅಕ್ಷರ ಕಲಿತುಬಿಟ್ಟಳು. ತಂಗಿಗೆ ಜ್ವರ ಬಿಟ್ಟ ಮೇಲೆ, ಶಾಲೆಯಲ್ಲಿರುವುದು ಒಂದೇ ಹೆಸರು, ಒಬ್ಬಳು ಹೋದರೆ ಸಾಕು, ಅಕ್ಕನ ಹತ್ತಿಯ ಸಾಲು ಚಿಕ್ಕವಳು ಹಿಡಿಯಲಿ ಎಂದು ಅಪ್ಪ ತೀರ್ಮಾನ ಮಾಡಿದ. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಮಾಸ್ತರರು ವರ್ಗವಾಗಿ ಹೋದರು, ಹೆಸರು ಉಳಿಯಿತು. ಅದೇ ಹೆಸರು ಹಾಸ್ಟೆಲ್ಲಿಗೆ ಹೋಯಿತು, ರಾಯಚೂರಿನ ಕಾಲೇಜಿಗೆ ಹೋಯಿತು, ನೌಕರಿಯ ಆದೇಶದ ಮೇಲೂ ಬಂತು. ಊರಿನಲ್ಲಿ ಮಾತ್ರ ಅವರವರ ಹೆಸರು ಅವರವರಿಗೆ ಇತ್ತು.

ಅಂದರೆ ಮೇಡಂ ನಿವೃತ್ತಿಯಾದಾಗ ಅವರಿಗೆ ಅರವತ್ತಲ್ಲ, ಅರವತ್ನಾಲ್ಕು. ಸತ್ತ ಮುದುಕಿಗೆ ಅರವತ್ತು.

"ಪಾಠ ಹೇಳತಿದ್ನಲ್ರಿ, ಅದೆಲ್ಲಾ ಇಕಿ ಮೈಮ್ಯಾಲೆ ಅದ ನೋಡ್ರಿ" ಅಂದರು ಮೇಡಂ. ತಂಗಿಯ ಕೈ ಬಿಡಿಸಿ ತೋರಿಸಿದರು. ಬೆರಳ ತುದಿಗಳು ಹತ್ತಿಕಾಯಿಯ ಮೊನೆ ಗೀರಿ ಗೀರಿ ಒರಟಾಗಿದ್ದವು. ಐವತ್ತು ವರ್ಷದ ಬಿಸಿಲು. ಹದಿಮೂರಕ್ಕೆ ಮದುವೆ, ಏಳು ಹೆರಿಗೆ, ಉಳಿದವು ನಾಲ್ಕು. ಎಲ್ಲರೂ ಉಂಡ ಮೇಲೆ ಮಿಕ್ಕಿದ್ದು ಊಟ, ಎಲ್ಲರಿಗಿಂತ ಮೊದಲು ಎದ್ದು ಒಲೆಯ ಹೊಗೆ. ನಿದ್ದೆ ಎನ್ನುವುದನ್ನು ಇವಳು ಪೂರ್ತಿ ಮಾಡಿದ್ದು ಇವತ್ತೇ ಎಂದರು. ಪರೀಕ್ಷೆ ಓದುವಾಗ ಹಾಸ್ಟೆಲ್ಲಿಗೆ ಬುತ್ತಿ ಹೊತ್ತು ತರುತ್ತಿದ್ದವಳೂ ಇವಳೇ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಗುಟ್ಟು ಕೇಳತಿದ್ರಲ್ರಿ. ನಾ ನನ್ನ ಮುಪ್ಪು ತಡೀಲಿಲ್ಲ. ಇಕಿ ಮ್ಯಾಲೆ ಹೊರಸಿದೆ."

ಕಾಲು ಮುಟ್ಟಿ ಅವ್ವಾರೇ ಅಂದಿದ್ದೆನಲ್ಲ, ಆ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು. ಅವಳಿಗೆ ಆಗ ಐವತ್ತೇಳು. ನನಗಿಂತ ಎಂಟು ವರ್ಷ ದೊಡ್ಡವಳು, ನನ್ನ ಅಕ್ಕನ ಓರಗೆ. ನಕ್ಕು ಸುಮ್ಮನಾದಳಲ್ಲ ಪುಣ್ಯಾತ್ಮಳು. ಗಟ್ಟಿಯಾಗಿ ಅತ್ತುಬಿಟ್ಟೆ.

ಮಣ್ಣು ಮುಗಿಸಿ ಬಂದು ಎಲ್ಲರೂ ಅಂಗಳದಲ್ಲಿ ಕೂತಾಗ ಪಂಚಾಯಿತಿಯ ಗುಮಾಸ್ತ ಮರಣದ ಅರ್ಜಿ ತಂದ. ಅವನು ಅದೇ ಓಣಿಯಲ್ಲಿ ಬಾಡಿಗೆಗಿದ್ದ ಪರ ಊರಿನವನು, ಮೇಡಂ ಅವರ ಕಾಗದದ ಹೆಸರಷ್ಟೇ ಗೊತ್ತಿದ್ದವನು, ಮಣ್ಣಿಗೆ ಬಂದಿದ್ದ. ಇವತ್ತೇ ಬರೆಸಿದರೆ ಆಮೇಲೆ ನಿಮ್ಮನ್ನು ಓಡಾಡಿಸುವುದಿಲ್ಲ ಎಂದ. ಮೇಡಂ ಅದನ್ನು ನನ್ನ ಕಡೆ ಸರಿಸಿದರು, ನಾನು ಬರೆಯಲು ಕೂತೆ. ಮೃತರ ಹೆಸರು ಬರೆದೆ. ನನಗೆ ಚೆನ್ನಾಗಿ ಗೊತ್ತಿದ್ದ ಹೆಸರು. ವಯಸ್ಸು ಎಂಬಲ್ಲಿ ಗುಮಾಸ್ತ ಆಧಾರ್ ಕಾರ್ಡು ನೋಡಿ ಎಂಬತ್ತೊಂದು ಅಂದ. ಆಧಾರ್ ಮಾಡುವವರು ಊರಿಗೆ ಬಂದಾಗ ಅವಳಿಗೆ ವಯಸ್ಸು ಹೇಳಲು ಬಂದಿರಲಿಲ್ಲ. ಮುಖ ನೋಡಿ ಬರೆದುಕೊಂಡು ಹೋಗಿದ್ದರು. ನಲವತ್ತಾರೋ ನಲವತ್ತೇಳೋ ಇದ್ದವಳಿಗೆ ಅರವತ್ತೇಳು ಬರೆದು, ಮುಂದಿನ ವರ್ಷವೇ ವೃದ್ಧಾಪ್ಯ ವೇತನವನ್ನೂ ಕೊಟ್ಟಿದ್ದರು. ನೋಡಿದವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ಸಾವಿನ ಕಾರಣ ಎಂಬಲ್ಲಿ ಮುಪ್ಪು ಎಂದು ಬರೆಯಿರಿ, ಸಾಕು ಎಂದ ಗುಮಾಸ್ತ.

"ಮುಪ್ಪು ಬರೀಬ್ಯಾಡ್ರಿ" ಅಂದರು ಮೇಡಂ. "ಅರವತ್ತಕ್ಕ ಯಾರರ ಮುಪ್ಪಿನಿಂದ ಸಾಯ್ತಾರೇನು?"

"ಮತ್ತೇನು ಬರೀಬೇಕ್ರಿ ಮೇಡಂ?"

"ನನ್ನ ಹೆಸರು ಬರೀರಿ."

ಗುಮಾಸ್ತ ಒಳ್ಳೆಯವನು. ದುಃಖದ ಮಾತು ಎಂದು ತಿಳಿದು ಮೆತ್ತಗೆ ಹೇಳಿದ. "ಅದ ಹೆಸರು ಮ್ಯಾಲೆ ಬರದಾಗ್ಯದಲ್ರಿ."

"ಅದು ಅಕಿದು" ಅಂದರು ಮೇಡಂ. "ನಂದು ಬ್ಯಾರೆ ಅದ."

ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಆಗ ನನಗೆ ಅರ್ಥವಾಯಿತು. ಕಾಗದದ ಮೇಲೆ ಬೇಡ ಮೇಡಂ, ಮೂವತ್ತು ವರ್ಷದ ಸೇವೆ, ಪಿಂಚಣಿ, ಮಾನ ಎಲ್ಲವೂ ಆ ಹೆಸರಿನ ಮೇಲಿದೆ, ಯಾರಾದರೂ ಎಳೆದರೆ ಎಲ್ಲ ಬಿಚ್ಚಿಕೊಂಡು ಬರುತ್ತದೆ ಎಂದು ಕಿವಿಯಲ್ಲಿ ಹೇಳಿದೆ. ಅವರ ಮುಂಗೈ ಹಿಡಿದುಕೊಂಡೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಜೀವ ಇದ್ದಾಗ ವಾಪಸು ಕೊಡಲು ಆಗಲಿಲ್ಲ, ಈಗಲಾದರೂ ಅವಳ ಹೆಸರು ಅವಳಿಗೆ ಹೋಗಲಿ ಎಂದರು.

ಕಾರಣದ ಜಾಗವನ್ನು ಖಾಲಿ ಬಿಟ್ಟು ಕೆಳಗೆ ಬಂದರು. ಮಾಹಿತಿ ಕೊಟ್ಟವರ ಸಹಿ. ಸಾವಿರಾರು ಉತ್ತರಪತ್ರಿಕೆಗಳ ಮೇಲೆ ಕಣ್ಣುಮುಚ್ಚಿ ಸಹಿ ಹಾಕಿದ ಕೈ ಅಲ್ಲಿ ನಿಂತಿತು. ಆ ಹೆಸರನ್ನು ಅವರು ಜೀವನದಲ್ಲಿ ಒಮ್ಮೆಯೂ ಬರೆದಿರಲಿಲ್ಲ. ಒಂದನೇ ಇಯತ್ತೆಯ ಮಕ್ಕಳ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ತಿದ್ದಿದರು. ನಾಲ್ಕು ಅಕ್ಷರಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಕಾಗದ ಈಗ ಯಾವ ಮೇಜಿನ ಮೇಲಿದೆಯೋ, ಯಾರ ಕಣ್ಣಿಗೆ ಬೀಳುತ್ತದೆಯೋ ತಿಳಿಯದು. ಅದಕ್ಕೇ ಎರಡು ಹೆಸರುಗಳನ್ನೂ ನಾನು ಬರೆಯುತ್ತಿಲ್ಲ.

ಗುಮಾಸ್ತ ಕಾಗದವನ್ನು ತಿರುಗಿಸಿ ಹಿಡಿದು, ಇದು ಯಾರ ಹೆಸರು ಎಂದು ಕೇಳಿದ. ಓದಲು ಬಾರದ ಸೋದರತ್ತೆಯೂ, ಏನು ಬರೆದಾಳ ಓದು ಯವ್ವಾ ಎಂದು ನನ್ನನ್ನು ಕೇಳಿದಳು. ನಾನು ಆ ಹೆಸರನ್ನು ಗಟ್ಟಿಯಾಗಿ ಓದಿದೆ.

"ಹಾಜರ್ ರೀ" ಅಂದರು ಮೇಡಂ.